ನನ್ನ, ನನ್ನದು ಮತ್ತು ಇಂಗ್ಲಿಷ್: ಪೊಸೆಸಿವ್ ಪದಗಳ ಬಗ್ಗೆ ಪರೀಕ್ಷಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುವ ಕೆಲಸ ನನ್ನದು. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು; ಎಫ್‌ಡಿಎ, ಎಸ್‌ಡಿಎ, ಪಿಡಿಒ, ಬ್ಯಾಂಕ್, ಎಸ್‌ಎಸ್‌ಸಿ ಎಂದು ಒಂದಲ್ಲ ಒಂದು ನೌಕರಿಯ ಪರೀಕ್ಷೆಗೆ ಅರ್ಜಿ ಹಾಕಿಕೊಂಡು ಊರು ಬಿಟ್ಟು ಬಂದವರು. ಪೊಸೆಸಿವ್ ಪಾಠ, ಅಂದರೆ ಒಡೆತನ ಹೇಳುವ ಪದಗಳ ಪಾಠ ಬಂದಾಗಲೆಲ್ಲ ಅವರು ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗಳನ್ನು ಗಟ್ಟಿಯಾಗಿ ಓದಿಕೊಳ್ಳಲು ಅನುಕೂಲವಾಗಲಿ ಎಂದು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಕಾಗುಣಿತವೂ ಕೈಗೆ ಕೂರುತ್ತದೆ.

ಪೊಸೆಸಿವ್ ಅಡ್ಜೆಕ್ಟಿವ್‌ಗೂ ಪೊಸೆಸಿವ್ ಪ್ರೊನೌನ್‌ಗೂ ಏನು ವ್ಯತ್ಯಾಸ?

'ನನ್ನ' ಎಂಬುದಕ್ಕೂ 'ನನ್ನದು' ಎಂಬುದಕ್ಕೂ ಇರುವ ವ್ಯತ್ಯಾಸವೇ. "ಇದು ನನ್ನ ಪೆನ್ನು" ಎನ್ನುವಾಗ 'ನನ್ನ' ಒಂಟಿಯಾಗಿ ನಿಲ್ಲುವುದಿಲ್ಲ, ಮುಂದೆ ಒಂದು ನಾಮಪದ ಬೇಕೇ ಬೇಕು. "ಈ ಪೆನ್ನು ನನ್ನದು" ಎನ್ನುವಾಗ 'ನನ್ನದು' ತನ್ನೊಳಗೇ ಪೆನ್ನನ್ನು ಇಟ್ಟುಕೊಂಡಿದೆ, ಮುಂದೆ ಏನೂ ಬೇಡ. ಮೊದಲನೆಯದು ಅಡ್ಜೆಕ್ಟಿವ್: "ದಿಸ್ ಈಸ್ ಮೈ ಪೆನ್." ಎರಡನೆಯದು ಪ್ರೊನೌನ್: "ದಿಸ್ ಪೆನ್ ಈಸ್ ಮೈನ್."

ಈ ಒಂದು ಮಾತನ್ನು ನಾನು ಪ್ರತಿ ಬ್ಯಾಚಿಗೂ ಒತ್ತಿ ಹೇಳುತ್ತೇನೆ: ಈ ಪಾಠದ ಮುಕ್ಕಾಲು ಭಾಗ ನಿಮಗೆ ಆಗಲೇ ಗೊತ್ತಿದೆ. ಹಿಂದಿಯಲ್ಲಿ 'ಮೇರಾ' ಎಂಬ ಒಂದೇ ಪದ ಮೈ, ಮೈನ್ ಎರಡಕ್ಕೂ ನಡೆಯುತ್ತದೆ. ಆದ್ದರಿಂದ ಹಿಂದಿ ಬಲ್ಲವರಿಗಾಗಿ ಮಾಡಿದ ವಿಡಿಯೊಗಳಲ್ಲಿ ಈ ವ್ಯತ್ಯಾಸವನ್ನೇ ಅರ್ಧ ಗಂಟೆ ವಿವರಿಸುತ್ತಾರೆ. ಅವಳದ್ದಾದರೆ ಹರ್, ಅವನದಾದರೆ ಹಿಸ್ ಎಂಬುದನ್ನೂ ಅಷ್ಟೇ ಹೊತ್ತು ಹೇಳುತ್ತಾರೆ, ಏಕೆಂದರೆ ಹಿಂದಿಯ 'ಉಸ್‌ಕಾ', 'ಉಸ್‌ಕೀ' ಬದಲಾಗುವುದು ವಸ್ತುವಿನ ಲಿಂಗ ನೋಡಿ. ಒಡೆಯ ಗಂಡೋ ಹೆಣ್ಣೋ ಎಂಬುದು ಅಲ್ಲಿ ಕಾಣುವುದೇ ಇಲ್ಲ. ನಮಗೆ 'ಅವನ', 'ಅವಳ' ಎಂದು ಎರಡು ಪದಗಳಿವೆ, ಇಂಗ್ಲಿಷಿನಂತೆಯೇ. ಕನ್ನಡಿಗರು ಎಡವುವ ಜಾಗಗಳು ಬೇರೆ. ಆ ವಿಡಿಯೊಗಳಲ್ಲಿ ಅವುಗಳ ಮಾತೇ ಬರುವುದಿಲ್ಲ. ಕೆಳಗೆ ಅವನ್ನೇ ಹೆಚ್ಚು ಬಿಡಿಸಿದ್ದೇನೆ.

ಎಲ್ಲ ರೂಪಗಳನ್ನು ಒಮ್ಮೆ ಹೇಳಿ.

ಮೈ – ಮೈನ್, ಅವರ್ – ಅವರ್ಸ್, ಯುವರ್ – ಯುವರ್ಸ್, ಹಿಸ್ – ಹಿಸ್, ಹರ್ – ಹರ್ಸ್, ದೇರ್ – ದೇರ್ಸ್. ಇಟ್ಸ್‌ಗೆ ಜೋಡಿ ಇಲ್ಲ ಎಂದೇ ಇಟ್ಟುಕೊಳ್ಳಿ. ಕನ್ನಡದಲ್ಲೂ 'ಅದರ ಬಾಲ' ಎನ್ನುತ್ತೇವೆಯೇ ಹೊರತು 'ಬಾಲ ಅದರದು' ಎನ್ನುವುದು ಅಪರೂಪ.

ಹಿಸ್ ಎರಡು ಕಡೆಯೂ ಒಂದೇ ರೂಪದಲ್ಲಿದೆ ಎಂಬುದನ್ನು ಗಮನಿಸಿ. ಗೆರೆ ಎಳೆದ ಪದ ಯಾವ ಶಬ್ದಭೇದ (ಪಾರ್ಟ್ ಆಫ್ ಸ್ಪೀಚ್) ಎಂದು ಕೇಳುವಾಗ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಈ ಪದ ಬಲು ಅನುಕೂಲ. ಹಾಗೆಯೇ ಹೂಸ್ ಕೂಡ: ನಮ್ಮಲ್ಲಿ 'ಯಾರ', 'ಯಾರದು' ಎಂದು ಎರಡಿದ್ದರೆ ಇಂಗ್ಲಿಷಿನಲ್ಲಿ ಎರಡಕ್ಕೂ ಅದೊಂದೇ.

ಕಲಿಕೆಯ ಆರಂಭದಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ. ಇಂಗ್ಲಿಷಿನ 'ಅವರ್' ಎಂದರೆ ನಮ್ಮ. ಕನ್ನಡದ 'ಅವರ' ಎಂದರೆ ದೇರ್. ಕಿವಿಗೆ ಎರಡೂ ಒಂದೇ ತರಹ ಬೀಳುವುದರಿಂದ ಅವಸರದಲ್ಲಿ ಅದಲುಬದಲಾಗುತ್ತವೆ.

'ನನ್ನ–ನನ್ನದು' ಪರೀಕ್ಷೆಯನ್ನು ಪ್ರಶ್ನೆಪತ್ರಿಕೆಯಲ್ಲಿ ಹೇಗೆ ಬಳಸಬೇಕು?

ಖಾಲಿ ಜಾಗದಲ್ಲಿ ಕನ್ನಡ ಪದ ಇಟ್ಟು ವಾಕ್ಯವನ್ನು ಮನಸ್ಸಿನಲ್ಲಿ ಓದಿ. 'ನನ್ನ' ಕೂತರೆ ಮೈ. 'ನನ್ನದು' ಕೂತರೆ ಮೈನ್. 'ನನ್ನದು' ವಿಭಕ್ತಿ ಹತ್ತಿಸಿಕೊಂಡು ನನ್ನದನ್ನು, ನನ್ನದಕ್ಕೆ, ನನ್ನದರಿಂದ, ನನ್ನದರಲ್ಲಿ ಎಂದು ಬಂದರೂ ಮೈನ್ ಬದಲಾಗುವುದಿಲ್ಲ: "ಟೇಕ್ ಮೈನ್" ಎಂದರೆ ನನ್ನದನ್ನು ತೆಗೆದುಕೊ, "ಲುಕ್ ಅಟ್ ಮೈನ್" ಎಂದರೆ ನನ್ನದನ್ನು ನೋಡು. ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ' ಎಂದು ಬಾಯಿಪಾಠ ಮಾಡಿದ ಆ ವಿಭಕ್ತಿ ಪ್ರತ್ಯಯಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಬರಿಯ ಷಷ್ಠೀ ವಿಭಕ್ತಿಯ 'ಅ' ಇದ್ದರೆ ಅಡ್ಜೆಕ್ಟಿವ್, ಅದರ ಮೇಲೆ 'ದು' ಬಂದರೆ ಪ್ರೊನೌನ್.

ಕ್ರಿಯಾಪದವನ್ನು ಆರಿಸುವುದಕ್ಕೂ ಇದು ನೆರವಾಗುತ್ತದೆ. ಮೈನ್ ಮುಂದೆ ಈಸ್ ಬರಬೇಕೋ ಆರ್ ಬರಬೇಕೋ? 'ನನ್ನದು' ಎಂದಾದರೆ ಈಸ್, 'ನನ್ನವು' ಅಥವಾ 'ನನ್ನವರು' ಎಂದಾದರೆ ಆರ್. "ಯುವರ್ ಶರ್ಟ್ ಈಸ್ ನ್ಯೂ, ಮೈನ್ ಈಸ್ ಓಲ್ಡ್." "ಯುವರ್ ಬುಕ್ಸ್ ಆರ್ ನ್ಯೂ, ಮೈನ್ ಆರ್ ಓಲ್ಡ್." ಮೈನ್ ನೋಡಲು ಒಂದೇ, ಒಳಗಿರುವ ವಸ್ತು ಒಂದೋ ಹಲವೋ ಎಂಬುದರ ಮೇಲೆ ಕ್ರಿಯಾಪದ ನಿಲ್ಲುತ್ತದೆ.

ಈ ಪರೀಕ್ಷೆ ಕೈಕೊಡುವ ಎರಡು ಜಾಗಗಳಿವೆ. "ನನ್ನದೊಂದು ಪ್ರಶ್ನೆ ಇದೆ" ಎಂಬಲ್ಲಿ 'ನನ್ನದು' ಇದ್ದರೂ ಇಂಗ್ಲಿಷಿನಲ್ಲಿ ಮೈನ್ ಬರುವುದಿಲ್ಲ. "ಐ ಹ್ಯಾವ್ ಎ ಕ್ವೆಶ್ಚನ್" ಎಂದರೆ ಸಾಕು. ಇನ್ನೊಂದು, "ನನ್ನ ಹೊಸದು" ಎಂಬಂಥ ಮಾತು. ಅದು "ಮೈ ನ್ಯೂ ವನ್", "ಮೈನ್ ನ್ಯೂ ವನ್" ಅಲ್ಲ. ವನ್ ಎಂಬುದು ನಾಮಪದದ ಜಾಗದಲ್ಲಿ ಕೂತಿರುವುದರಿಂದ ಅದಕ್ಕೂ ಮೊದಲು ಮೈ ಬೇಕು.

ಇಷ್ಟು ಸಣ್ಣ ವಿಷಯಕ್ಕೆ ಪರೀಕ್ಷೆಯಲ್ಲಿ ಎಷ್ಟು ಬೆಲೆ?

ನೇರ ಪ್ರಶ್ನೆಯಾಗಿ ಬರುವುದಕ್ಕಿಂತ ತಪ್ಪು ಹುಡುಕುವ, ವಾಕ್ಯ ತಿದ್ದುವ, ಖಾಲಿ ಜಾಗ ತುಂಬುವ ಪ್ರಶ್ನೆಗಳ ಒಳಗೆ ಸೇರಿಕೊಂಡು ಬರುವುದೇ ಹೆಚ್ಚು. ಕೇಂದ್ರ ಸರ್ಕಾರಿ ನೌಕರಿಗಳ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಒಂದು ತಪ್ಪಿಗೆ 0.50 ಅಂಕ ಕಡಿತ. ಬ್ಯಾಂಕ್ ನೌಕರಿಯ ಐಬಿಪಿಎಸ್ ಪ್ರಿಲಿಮ್ಸ್‌ನಲ್ಲಿ 30 ಇಂಗ್ಲಿಷ್ ಪ್ರಶ್ನೆಗಳಿಗೆ ಸಿಗುವುದು 20 ನಿಮಿಷ, ಅಂದರೆ ಒಂದಕ್ಕೆ 40 ಸೆಕೆಂಡ್. ಓದಿ ಅರ್ಥ ಮಾಡಿಕೊಳ್ಳುವ ದೀರ್ಘ ಗದ್ಯಭಾಗಕ್ಕೆ ಸಮಯ ಉಳಿಸಬೇಕಾದರೆ ಇಂಥವನ್ನು ಹತ್ತು ಸೆಕೆಂಡಿನಲ್ಲಿ ಮುಗಿಸುವಂತಿರಬೇಕು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಭಾಷೆಯಾಗಿ ತೆಗೆದುಕೊಂಡವರಿಗೆ 30 ಅಂಕಗಳಿವೆ, ಕಡಿತ ಇಲ್ಲ. ಎಫ್‌ಡಿಎ, ಎಸ್‌ಡಿಎಯಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್ ಎಂಬ ಆಯ್ಕೆ ನಿಮ್ಮ ಕೈಯಲ್ಲೇ ಇದೆ. ರೈಲ್ವೆಯ ಎನ್‌ಟಿಪಿಸಿಯಲ್ಲಿ ಇಂಗ್ಲಿಷ್ ಭಾಗವೇ ಇಲ್ಲ. ಎಸ್‌ಎಸ್‌ಸಿ ಎಂಟಿಎಸ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು ಎಂದು ಸಂತೋಷಪಟ್ಟು ಇಂಗ್ಲಿಷನ್ನು ಪೂರ್ತಿ ಬಿಟ್ಟವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದರಲ್ಲಿ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಇರುತ್ತದೆ.

ತಂದೆಯವರ ಬಗ್ಗೆ ಬರೆಯುವಾಗ ಹಿಸ್ ಎನ್ನಬೇಕೋ ದೇರ್ ಎನ್ನಬೇಕೋ?

ಹಿಸ್. ಕನ್ನಡಿಗರು ಅತಿ ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಾವೇರಿ ಕಡೆಯ ಒಬ್ಬ ಹುಡುಗಿ ತನ್ನ ಕುಟುಂಬದ ಬಗ್ಗೆ ಹತ್ತು ವಾಕ್ಯ ಬರೆದು ತಂದಿದ್ದಳು. "ಮೈ ಫಾದರ್ ಈಸ್ ಎ ಫಾರ್ಮರ್. ದೇರ್ ಲ್ಯಾಂಡ್ ಈಸ್ ನಿಯರ್ ದಿ ರಿವರ್." ದುಂಡನೆಯ ಅಕ್ಷರ, ಒಂದೂ ಕಾಗುಣಿತ ತಪ್ಪಿಲ್ಲ. ದೇರ್ ಕೆಳಗೆ ನಾನು ಗೆರೆ ಎಳೆದು ಹಿಸ್ ಎಂದು ಬರೆದೆ. ಅವಳು ಆ ಪದವನ್ನೇ ನೋಡುತ್ತಾ ನಿಂತಳು. "ಸರ್, ಅಪ್ಪನಿಗೆ ಹಿಸ್ ಅಂದರೆ ಏಕವಚನದಲ್ಲಿ ಮಾತನಾಡಿಸಿದಂತೆ ಆಗುವುದಿಲ್ಲವೇ?" ಎಂದು ಕೇಳಿದಳು.

ಅವಳ ಪ್ರಶ್ನೆಯಲ್ಲೇ ತಪ್ಪಿನ ಬೇರಿದೆ. ನಮ್ಮಲ್ಲಿ ಗೌರವ ಕೊಡುವುದು ಬಹುವಚನದಿಂದ: ಅವರು, ಅವರ, ತಮ್ಮ. ಅಪ್ಪನ ಹೊಲ 'ಅವರ ಹೊಲ', ಮೇಷ್ಟರ ಕನ್ನಡಕ 'ಅವರ ಕನ್ನಡಕ'. ಅದನ್ನು ಹಾಗೇ ಇಂಗ್ಲಿಷಿಗೆ ತಂದರೆ ದೇರ್ ಆಗಿಬಿಡುತ್ತದೆ, ಓದುವವನಿಗೆ ಇಬ್ಬರೋ ಮೂವರೋ ಇದ್ದಂತೆ ಕಾಣುತ್ತದೆ. ಇಂಗ್ಲಿಷಿನ ಹಿಸ್, ಹರ್‌ಗಳಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ರಾಜನನ್ನು 'ಹಿಸ್ ಮೆಜೆಸ್ಟಿ' ಎನ್ನುತ್ತಾರೆ, ರಾಯಭಾರಿ ಹೆಣ್ಣಾಗಿದ್ದರೆ 'ಹರ್ ಎಕ್ಸಲೆನ್ಸಿ' ಎನ್ನುತ್ತಾರೆ. ಅಲ್ಲಿ ಗೌರವವಿರುವುದು ಮುಂದಿನ ಪದದಲ್ಲಿ, ಹಿಸ್ ಮಾತ್ರ ಎಲ್ಲರಿಗೂ ಒಂದೇ. ಇದನ್ನು ಹೇಳಿದ ಮೇಲೆ ಅವಳಿಗೆ ಅರ್ಥವಾಯಿತು. ಆದರೂ ಅಪ್ಪನ ವಿಷಯ ಬಂದಾಗ ಹಿಸ್ ಎಂದು ಬರೆಯಲು ಅವಳ ಕೈ ಒಂದು ವಾರ ತಡವರಿಸಿತು. ನಿಮಗೂ ಹಾಗಾದರೆ ಅದು ಒಳ್ಳೆಯ ಸಂಸ್ಕಾರದ ಗುರುತು. ಉತ್ತರದಲ್ಲಿ ಮಾತ್ರ ಹಿಸ್ ಇರಲಿ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು 'ನಮ್ಮ'. "ನಮ್ಮ ಅಮ್ಮ ಶಿಕ್ಷಕಿ" ಎಂದು ಒಬ್ಬನೇ ಮಾತನಾಡುವಾಗಲೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದು "ಮೈ ಮದರ್". "ಅವರ್ ಮದರ್" ಎಂದರೆ ಒಡಹುಟ್ಟಿದವರು ಸೇರಿ ಹೇಳುತ್ತಿದ್ದಾರೆ ಎಂದರ್ಥ.

ಇಟ್ಸ್ ಪದದಲ್ಲಿ ಅಪಾಸ್ಟ್ರಫಿ ಯಾವಾಗ ಹಾಕಬೇಕು, ಯಾವಾಗ ಬಿಡಬೇಕು?

ಅಪಾಸ್ಟ್ರಫಿ ಎಂದರೆ ಅಕ್ಷರದ ಮೇಲ್ಬದಿಯಲ್ಲಿ ಹಾಕುವ ಅಲ್ಪವಿರಾಮದಂಥ ಗುರುತು. ಬಿಡಿಸಿ ಓದಿ. 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂದು ಬಿಡಿಸಿದಾಗ ವಾಕ್ಯ ಸರಿಹೋದರೆ ಅಪಾಸ್ಟ್ರಫಿ ಹಾಕಬೇಕು. 'ಅದರ' ಎಂಬ ಅರ್ಥ ಬಂದರೆ ಬರೀ ಐ, ಟಿ, ಎಸ್. "ದಿ ಬ್ಯಾಂಕ್ ಹ್ಯಾಸ್ ಚೇಂಜ್ಡ್ ಇಟ್ಸ್ ರೂಲ್ಸ್" ಎಂಬಲ್ಲಿ 'ಇಟ್ ಈಸ್ ರೂಲ್ಸ್' ಎಂದು ಓದಿದರೆ ಅರ್ಥವೇ ಇಲ್ಲ, ಆದ್ದರಿಂದ ಅಪಾಸ್ಟ್ರಫಿ ಇಲ್ಲ.

ಗೊಂದಲ ಹುಟ್ಟುವುದು ಎಲ್ಲಿಂದ ಎಂದರೆ, ಹೆಸರುಗಳಿಗೆ ಒಡೆತನ ಹೇಳುವಾಗ ಅಪಾಸ್ಟ್ರಫಿ ಹಾಕುತ್ತೇವೆ, ಸರ್ವನಾಮಗಳಿಗೆ ಹಾಕುವುದಿಲ್ಲ. ಹರ್ಸ್, ಅವರ್ಸ್, ಯುವರ್ಸ್, ದೇರ್ಸ್ – ಇವುಗಳಲ್ಲಿ ಒಂದಕ್ಕೂ ಅಪಾಸ್ಟ್ರಫಿ ಇಲ್ಲ. ಅರ್ಜಿಯ ಕೊನೆಯಲ್ಲಿ ಬರೆಯುವ 'ಯುವರ್ಸ್ ಫೇತ್‌ಫುಲಿ'ಗೂ ಇಲ್ಲ. ಟೈಪಿಂಗ್ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ ಅರ್ಜಿ ನಮೂನೆಗಳಲ್ಲಿ ಈ ತಪ್ಪು ಎಷ್ಟೋ ಸಲ ಅಚ್ಚಾಗಿಯೇ ಇರುತ್ತದೆ. ನಾನೂ ಪದವಿ ಮುಗಿಸಿದ ಹೊಸದರಲ್ಲಿ ಅದನ್ನೇ ನೋಡಿ ವರ್ಷಗಟ್ಟಲೆ ತಪ್ಪಾಗಿ ಬರೆದೆ. ಪತ್ರಲೇಖನ ಇರುವ ಪರೀಕ್ಷೆಗಳಲ್ಲಿ ಅದಕ್ಕೆ ಎಷ್ಟು ಅಂಕ ಹೋಯಿತೋ ಲೆಕ್ಕವಿಟ್ಟಿಲ್ಲ. ನೀವು ಇವತ್ತೇ ತಿದ್ದಿಕೊಳ್ಳಿ. ವನ್ಸ್, ಎವ್ರಿವನ್ಸ್, ಸಮ್‌ಬಡೀಸ್ ಮುಂತಾದ ಅನಿರ್ದಿಷ್ಟ ಸರ್ವನಾಮಗಳಿಗೆ ಮಾತ್ರ ಅಪಾಸ್ಟ್ರಫಿ ಉಂಟು.

ಕುತೂಹಲವಿರುವವರಿಗೆ ಒಂದು ಮಾತು: ಇಟ್ಸ್ ಎಂಬ ಪದ ಇಂಗ್ಲಿಷಿಗೆ ಬಂದದ್ದೇ 16ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮೊದಲು ನಿರ್ಜೀವ ವಸ್ತುಗಳಿಗೂ ಹಿಸ್ ಎಂದೇ ಬಳಸುತ್ತಿದ್ದರು.

ದೇರ್ ಎಂಬ ಉಚ್ಚಾರಣೆಗೆ ಮೂರು ಬರಹಗಳಿವೆ. ಟಿ, ಎಚ್, ಇ, ಐ, ಆರ್ ಎಂದರೆ ಅವರ. ಟಿ, ಎಚ್, ಇ, ಆರ್, ಇ ಎಂದರೆ ಅಲ್ಲಿ. ಅಪಾಸ್ಟ್ರಫಿ ಇರುವುದು 'ದೇ ಆರ್' ಎಂಬುದರ ಸಂಕ್ಷೇಪ. ಹೂಸ್‌ಗೂ ಇದೇ ಪಾಡು: ಅಪಾಸ್ಟ್ರಫಿ ಇದ್ದರೆ 'ಹೂ ಈಸ್', ಇಲ್ಲದ್ದು 'ಯಾರ'.

ಎವ್ರಿವನ್, ಈಚ್, ವನ್ ಬಂದಾಗ ಮುಂದೆ ಏನು ಬರಬೇಕು?

ವನ್ ಕರ್ತೃವಾಗಿದ್ದರೆ ವನ್ಸ್: "ವನ್ ಶುಡ್ ಡೂ ವನ್ಸ್ ಡ್ಯೂಟಿ." ಇಲ್ಲಿ ಹಿಸ್ ಎಂದು ಕೊಟ್ಟಿದ್ದರೆ ನಮ್ಮ ಪರೀಕ್ಷೆಗಳಲ್ಲಿ ಅದೇ ತಪ್ಪು. ಅಮೆರಿಕದಲ್ಲಿ ಹಿಸ್ ನಡೆಯುತ್ತದೆ, ಆದರೆ ನಮ್ಮ ಪ್ರಶ್ನೆಪತ್ರಿಕೆಗಳು ಬ್ರಿಟಿಷ್ ಸಂಪ್ರದಾಯದ ವ್ಯಾಕರಣವನ್ನು ಹಿಡಿದು ಬಂದವು. 'ವನ್ ಆಫ್ ದಿ ಬಾಯ್ಸ್' ಎಂದಿದ್ದರೆ ಬೇರೆ ಲೆಕ್ಕ. ಅಲ್ಲಿ ಹುಡುಗರಲ್ಲಿ ಒಬ್ಬ ಎಂದು ಗೊತ್ತಾಗಿದೆ, ಹಿಸ್ ಬರುತ್ತದೆ.

ಈಚ್, ಎವ್ರಿ, ಎವ್ರಿವನ್, ಐದರ್, ನೈದರ್, ಮೆನಿ ಎ – ಇವೆಲ್ಲ ಏಕವಚನ. "ಈಚ್ ಆಫ್ ದಿ ಗರ್ಲ್ಸ್ ಹ್ಯಾಸ್ ಬ್ರಾಟ್ ಹರ್ ಬುಕ್." ಇಲ್ಲಿ ಹತ್ತಿರದಲ್ಲಿರುವ ಗರ್ಲ್ಸ್ ಕಣ್ಣು ಕಟ್ಟುತ್ತದೆ. ಕನ್ನಡದಲ್ಲಿ ಹೇಳಿ ನೋಡಿ: "ಹುಡುಗಿಯರಲ್ಲಿ ಪ್ರತಿಯೊಬ್ಬಳೂ ತನ್ನ ಪುಸ್ತಕ ತಂದಿದ್ದಾಳೆ." 'ಪ್ರತಿಯೊಬ್ಬಳು' ಎಂದಾಗ 'ತಮ್ಮ' ಎನ್ನದೆ 'ತನ್ನ' ಎನ್ನುತ್ತೇವಲ್ಲವೇ? ಅದೇ ಸಾಕು.

"ಎವ್ರಿವನ್ ಶುಡ್ ಬ್ರಿಂಗ್ —— ಹಾಲ್ ಟಿಕೆಟ್" ಎಂಬಲ್ಲಿ ಹಿಸ್ ಬೇಕೋ ದೇರ್ ಬೇಕೋ ಎಂದು ತುಂಬ ಜನ ಕೇಳುತ್ತಾರೆ, ಏಕೆಂದರೆ ಪತ್ರಿಕೆಗಳಲ್ಲಿ ದೇರ್ ಎಂದೇ ಓದುತ್ತಾರೆ. ದೇರ್ ಅನ್ನು ಒಬ್ಬರಿಗೆ ಬಳಸುವುದು ಹೊಸ ಫ್ಯಾಷನ್ ಏನಲ್ಲ, 14ನೇ ಶತಮಾನದಿಂದಲೂ ಇಂಗ್ಲಿಷಿನಲ್ಲಿ ಇದೆ. ಮಾತಿನಲ್ಲಿ, ಕಚೇರಿ ಬರಹದಲ್ಲಿ ಧಾರಾಳವಾಗಿ ಬಳಸಿ. ಪರೀಕ್ಷೆಯಲ್ಲಿ ಮಾತ್ರ ನನ್ನ ಸಲಹೆ ಇದು: ಆಯ್ಕೆಗಳಲ್ಲಿ 'ಹಿಸ್ ಆರ್ ಹರ್' ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಹಿಸ್, ತಪ್ಪು ಹುಡುಕುವ ಪ್ರಶ್ನೆಯಲ್ಲಿ ದೇರ್ ಬಂದಿದ್ದರೆ ಮೊದಲು ಉಳಿದ ಭಾಗಗಳಲ್ಲಿ ಖಚಿತ ತಪ್ಪು ಇದೆಯೇ ನೋಡಿ. ಬೇರೆಲ್ಲೂ ಸಿಗದಿದ್ದರೆ ಆಗ ದೇರ್ ಮೇಲೆ ಬೆರಳಿಡಿ.

ಸಮಿತಿ, ತಂಡ, ತೀರ್ಪುಗಾರರ ಗುಂಪು – ಇವುಗಳಿಗೆ?

ಒಟ್ಟಾಗಿ ಕೆಲಸ ಮಾಡಿದರೆ ಇಟ್ಸ್, ಒಳಗೊಳಗೆ ಬೇರೆಬೇರೆಯಾದರೆ ದೇರ್. "ದಿ ಕಮಿಟಿ ಹ್ಯಾಸ್ ಸಬ್‌ಮಿಟೆಡ್ ಇಟ್ಸ್ ರಿಪೋರ್ಟ್." "ದಿ ಕಮಿಟಿ ವರ್ ಡಿವೈಡೆಡ್ ಇನ್ ದೇರ್ ಒಪಿನಿಯನ್ಸ್." ಹ್ಯಾಸ್ ಇದ್ದ ಕಡೆ ಇಟ್ಸ್, ವರ್ ಅಥವಾ ಹ್ಯಾವ್ ಇದ್ದ ಕಡೆ ದೇರ್, ಒಂದೇ ವಾಕ್ಯದಲ್ಲಿ ಹ್ಯಾಸ್ ಮತ್ತು ದೇರ್ ಬೆರೆತಿದ್ದರೆ ಅಲ್ಲೇ ತಪ್ಪಿದೆ.

"ಎ ಫ್ರೆಂಡ್ ಆಫ್ ಮೀ" ಯಾಕೆ ತಪ್ಪು?

"ನನ್ನ ಒಬ್ಬ ಗೆಳೆಯ" ಎಂಬುದನ್ನು ಇಂಗ್ಲಿಷಿನಲ್ಲಿ "ಎ ಮೈ ಫ್ರೆಂಡ್" ಎನ್ನಲಾಗದು. ಎ, ದಿ, ದಿಸ್, ದಟ್, ಮೈ, ಯುವರ್ ಇವೆಲ್ಲ ನಾಮಪದಕ್ಕೂ ಮೊದಲು ಇರುವ ಒಂದೇ ಕುರ್ಚಿಗೆ ಪೈಪೋಟಿ ಮಾಡುವ ಪದಗಳು, ಒಬ್ಬರಿಗಷ್ಟೇ ಜಾಗ. ಹೀಗಾಗಿ ಒಡೆತನವನ್ನು ಹಿಂದಕ್ಕೆ ಕಳಿಸಿ "ಎ ಫ್ರೆಂಡ್ ಆಫ್ ಮೈನ್" ಎನ್ನುತ್ತಾರೆ: ನನ್ನ ಗೆಳೆಯರಲ್ಲಿ ಒಬ್ಬ. "ಈ ನಿಮ್ಮ ಮಾತು" ಎಂದು ಕನ್ನಡದಲ್ಲಿ ಎರಡನ್ನೂ ಜೋಡಿಸಿ ಹೇಳುವುದು ಸಹಜ. ಅದನ್ನು "ದಿಸ್ ಯುವರ್ ವರ್ಡ್" ಎಂದು ಬರೆದವರು ಅನೇಕರು. ಸರಿಯಾದದ್ದು "ದಿಸ್ ವರ್ಡ್ ಆಫ್ ಯುವರ್ಸ್". ಕೆಲವು ಪುಸ್ತಕಗಳು ಮೈ, ಯುವರ್‌ಗಳನ್ನು ಅಡ್ಜೆಕ್ಟಿವ್ ಎನ್ನದೆ ಡಿಟರ್ಮಿನರ್ ಎನ್ನುವುದು ಈ ಕುರ್ಚಿಯ ಕಾರಣಕ್ಕೇ. ಹೆಸರು ಬೇರೆ, ಪದಗಳು ಅವೇ.

ಹೋಲಿಕೆಯ ವಾಕ್ಯಗಳಲ್ಲಿ ಏನು ನೋಡಬೇಕು?

ಅಕ್ಷರವನ್ನು ಅಕ್ಷರದ ಜೊತೆ ಹೋಲಿಸಬೇಕು, ಮನುಷ್ಯನ ಜೊತೆ ಅಲ್ಲ. "ಅವನ ಅಕ್ಷರ ನನಗಿಂತ ಚೆನ್ನಾಗಿದೆ" ಎಂದು ಆಡುಮಾತಿನಲ್ಲಿ ನಾವೂ ಜಾರುತ್ತೇವೆ. ಸರಿಯಾಗಿ ಹೇಳಿದರೆ 'ನನ್ನದಕ್ಕಿಂತ'. ಇಂಗ್ಲಿಷಿನಲ್ಲೂ "ಹಿಸ್ ಹ್ಯಾಂಡ್‌ರೈಟಿಂಗ್ ಈಸ್ ಬೆಟರ್ ದ್ಯಾನ್ ಮೈನ್." ಊರು, ವಸ್ತುಗಳ ಹೆಸರು ಬಂದಾಗ 'ದಟ್ ಆಫ್' ಬರುತ್ತದೆ: "ದಿ ಕ್ಲೈಮೇಟ್ ಆಫ್ ಮಡಿಕೇರಿ ಈಸ್ ಕೂಲರ್ ದ್ಯಾನ್ ದಟ್ ಆಫ್ ರಾಯಚೂರು." ಬಹುವಚನವಾದರೆ 'ದೋಸ್ ಆಫ್'. ಈ 'ದಟ್ ಆಫ್' ಅನ್ನು ಮೆಲ್ಲಗೆ ಕಿತ್ತುಹಾಕಿ ತಪ್ಪು ಹುಡುಕಿ ಎನ್ನುವುದು ಬಹಳ ಹಳೆಯ, ಈಗಲೂ ಚಾಲ್ತಿಯಲ್ಲಿರುವ ಪ್ರಶ್ನೆ.

ಇಂಗ್ ಇರುವ ಪದಕ್ಕೂ ಮೊದಲು ಹಿಮ್ ಬರುತ್ತದೋ ಹಿಸ್ ಬರುತ್ತದೋ?

"ಐ ಡೋಂಟ್ ಮೈಂಡ್ ಹಿಸ್ ಕಮಿಂಗ್ ಲೇಟ್." ಇಲ್ಲಿ ಕಮಿಂಗ್ ನಾಮಪದದಂತೆ ಕೆಲಸ ಮಾಡುತ್ತಿದೆ. ಕನ್ನಡದಲ್ಲಿ 'ಬರುವಿಕೆ' ಎಂದು ಮಾಡಿ ನೋಡಿ. 'ಅವನ ಬರುವಿಕೆ' ಎನ್ನಬಹುದಾದ ಕಡೆ ಹಿಸ್. "ಐ ಸಾ ಹಿಮ್ ಕ್ರಾಸಿಂಗ್ ದಿ ರೋಡ್" ಎಂಬಲ್ಲಿ ನಾನು ನೋಡಿದ್ದು ಅವನನ್ನು, ಅವನ ದಾಟುವಿಕೆಯನ್ನಲ್ಲ, ಹಾಗಾಗಿ ಹಿಮ್. ಮೈಂಡ್, ಎಕ್ಸ್‌ಕ್ಯೂಸ್, ಆಬ್ಜೆಕ್ಟ್ ಟು, ಇನ್ಸಿಸ್ಟ್ ಆನ್ ಇವುಗಳ ನಂತರ ಪೊಸೆಸಿವ್ ಅನ್ನೇ ಪರೀಕ್ಷೆಗಳು ನಿರೀಕ್ಷಿಸುತ್ತವೆ.

"ಯುವರ್ ಸೆಪರೇಶನ್" ತಪ್ಪು ಎನ್ನುತ್ತಾರಲ್ಲ, ಯಾಕೆ?

'ನಿಮ್ಮ ಅಗಲಿಕೆ' ಕನ್ನಡದಲ್ಲಿ ಸೊಗಸಾದ ಮಾತು. ಇಂಗ್ಲಿಷಿನಲ್ಲಿ ಅದು "ಸೆಪರೇಶನ್ ಫ್ರಮ್ ಯೂ" ಆಗಬೇಕು. ಹಾಗೆಯೇ ನಿಮ್ಮನ್ನು ಕಂಡೊಡನೆ ಎಂಬುದಕ್ಕೆ "ಅಟ್ ಯುವರ್ ಸೈಟ್" ಅಲ್ಲ, "ಅಟ್ ದಿ ಸೈಟ್ ಆಫ್ ಯೂ". ಈ ಎರಡನ್ನು ನೆನಪಿಟ್ಟುಕೊಳ್ಳಿ. ಪೊಸೆಸಿವ್ ಜೊತೆ ಬರಬಾರದ ಪದಗಳು ಎಂದು ಗೈಡುಗಳಲ್ಲಿ ಕೊಡುವ ಉದ್ದ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಅದರಲ್ಲಿ ಪಾರ್ಡನ್ ಕೂಡ ಇರುತ್ತದೆ, ಆದರೆ "ಐ ಬೆಗ್ ಯುವರ್ ಪಾರ್ಡನ್" ಎಂಬುದು ನೂರಕ್ಕೆ ನೂರು ಸರಿಯಾದ ಇಂಗ್ಲಿಷ್.

ಕನ್ನಡದಲ್ಲಿ ಇಲ್ಲದ ಮೈ ಇಂಗ್ಲಿಷಿನಲ್ಲಿ ಎಲ್ಲಿಂದ ಬರುತ್ತದೆ?

"ಕೈ ತೊಳೆದುಕೊಂಡೆ", "ತಲೆ ನೋಯುತ್ತಿದೆ", "ಹಲ್ಲುಜ್ಜಿದ" – ಯಾರ ಕೈ, ಯಾರ ತಲೆ ಎಂದು ನಾವು ಹೇಳುವುದಿಲ್ಲ, ಹೇಳಿದರೆ ವಿಚಿತ್ರವಾಗಿ ಕೇಳಿಸುತ್ತದೆ. 'ಕೊಂಡೆ' ಎಂಬ ಪ್ರಯೋಗವೇ ಅದನ್ನು ಹೇಳಿಬಿಡುತ್ತದೆ. ಇಂಗ್ಲಿಷಿಗೆ ಆ ಸೌಕರ್ಯವಿಲ್ಲ. "ಐ ವಾಶ್ಡ್ ಮೈ ಹ್ಯಾಂಡ್ಸ್", "ಹೀ ಬ್ರಶ್ಡ್ ಹಿಸ್ ಟೀತ್" ಎಂದು ಬಿಡಿಸಿ ಹೇಳಲೇಬೇಕು. ಅನುವಾದ ಇರುವ ಪತ್ರಿಕೆಗಳಲ್ಲಿ ಈ ಪದ ಬಿಟ್ಟುಹೋಗುವುದು ಸಾಮಾನ್ಯ.

'ಸ್ವಂತ'ದ ಕಥೆಯೂ ಇದೇ. "ನನಗೆ ಸ್ವಂತ ಮನೆ ಇದೆ" ಎಂಬುದು "ಐ ಹ್ಯಾವ್ ಓನ್ ಹೌಸ್" ಆಗಿಬಿಡುತ್ತದೆ. ಓನ್ ಒಂಟಿಯಾಗಿ ಬರಲಾರದು, ಅದರ ಹಿಂದೆ ಪೊಸೆಸಿವ್ ಇರಲೇಬೇಕು: "ಮೈ ಓನ್ ಹೌಸ್" ಅಥವಾ "ಎ ಹೌಸ್ ಆಫ್ ಮೈ ಓನ್".

ಓನ್ ನಮಗೆ ಇನ್ನೊಂದು ಕಡೆ ಬೇಕಾಗುತ್ತದೆ. "ರವಿ ಸುರೇಶನಿಗೆ ತನ್ನ ಸೈಕಲ್ ಕೊಟ್ಟ" ಎಂದರೆ ರವಿಯ ಸೈಕಲ್. "ಅವನ ಸೈಕಲ್ ಕೊಟ್ಟ" ಎಂದರೆ ಸುರೇಶನದೇ ಆಗಿರಬಹುದು, ಮೂರನೆಯವನದೂ ಆಗಿರಬಹುದು. 'ತನ್ನ' ಎಂಬ ಈ ಪುಟ್ಟ ಪದ ಕನ್ನಡದ ದೊಡ್ಡ ಆಸ್ತಿ. ಇಂಗ್ಲಿಷಿನಲ್ಲಿ ಎರಡಕ್ಕೂ ಹಿಸ್ ಒಂದೇ. ಸಂಶಯ ಬರುವ ಕಡೆ 'ಹಿಸ್ ಓನ್' ಎಂದು ಸೇರಿಸಿ.

ದಿನಾ ಹೇಗೆ ಅಭ್ಯಾಸ ಮಾಡಬೇಕು?

ನೂರು ಪ್ರಶ್ನೆಗಳ ಪಿಡಿಎಫ್ ಇಳಿಸಿಕೊಂಡು ಒಂದೇ ರಾತ್ರಿ ಟಿಕ್ ಹಾಕುವುದರಿಂದ ಏನೂ ಉಳಿಯುವುದಿಲ್ಲ. ದಿನಕ್ಕೆ ಹತ್ತು ಕನ್ನಡ ವಾಕ್ಯಗಳನ್ನು ನೀವೇ ಬರೆಯಿರಿ, ನಿಮ್ಮ ಮನೆ, ಕೋಣೆಯ ಜೊತೆಗಾರರು, ಮೆಸ್ಸಿನ ತಟ್ಟೆಲೋಟಗಳ ಬಗ್ಗೆ. ಐದರಲ್ಲಿ 'ನನ್ನ, ಅವಳ, ಅವರ' ಇರಲಿ, ಐದರಲ್ಲಿ 'ನನ್ನದು, ಅವಳದು, ಅವರದು' ಇರಲಿ. ಪಕ್ಕದಲ್ಲೇ ಇಂಗ್ಲಿಷಿಗೆ ತನ್ನಿ. ಮರುದಿನ ಕನ್ನಡದ ಕಡೆ ಕೈ ಮುಚ್ಚಿಕೊಂಡು ಇಂಗ್ಲಿಷಿನಿಂದ ಹಿಂದಕ್ಕೆ ಬನ್ನಿ. ಎರಡು ವಾರ ಹೀಗೆ ಮಾಡಿದವರು ಆಮೇಲೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದರೆ ಸಾಕು. ತಪ್ಪಾದ ಪ್ರಶ್ನೆಯ ಮುಂದೆ ಸರಿ ಉತ್ತರವನ್ನಷ್ಟೇ ಬರೆಯದೆ, ನೀವು ತಪ್ಪು ಉತ್ತರವನ್ನು ಯಾಕೆ ಆರಿಸಿದಿರಿ ಎಂಬುದನ್ನೂ ಒಂದು ಸಾಲು ಬರೆದಿಡಿ. ಹಾವೇರಿಯ ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ 'ಗೌರವ' ಎಂಬ ಒಂದೇ ಪದ ಏಳು ಕಡೆ ಇತ್ತು.

ಈಗಲೇ ಮಾಡಿ ನೋಡಲು ಕೆಲವು ಪ್ರಶ್ನೆಗಳನ್ನು ಕೊಡುತ್ತೀರಾ?

ಖಾಲಿ ಜಾಗ ಇದ್ದರೆ ತುಂಬಿ, ಇಲ್ಲದಿದ್ದರೆ ತಪ್ಪು ಹುಡುಕಿ.

1. ದಿಸ್ ಅಂಬ್ರೆಲಾ ಈಸ್ ನಾಟ್ ——. ಐ ಲೆಫ್ಟ್ —— ಅಟ್ ಹೋಮ್.
2. ಯುವರ್ ಶೂಸ್ ಆರ್ ಕ್ಲೀನ್ ಬಟ್ ಮೈನ್ —— ಡರ್ಟಿ.
3. ದಿ ಪಾಪ್ಯುಲೇಶನ್ ಆಫ್ ಬೆಂಗಳೂರು ಈಸ್ ಲಾರ್ಜರ್ ದ್ಯಾನ್ ಮೈಸೂರು.
4. ನೈದರ್ ಆಫ್ ದಿ ಸಿಸ್ಟರ್ಸ್ ಹ್ಯಾಸ್ ಫಿನಿಶ್ಡ್ —— ವರ್ಕ್.
5. ಹೀ ಈಸ್ ಎ ಕಸಿನ್ ಆಫ್ ಮೀ.
6. ವನ್ ಮಸ್ಟ್ ಕೀಪ್ ಹಿಸ್ ಪ್ರಾಮಿಸಸ್.
7. ಪ್ಲೀಸ್ ಎಕ್ಸ್‌ಕ್ಯೂಸ್ ಮೀ ಬೀಯಿಂಗ್ ಲೇಟ್.
8. "ದಟ್ ಹೌಸ್ ಈಸ್ ಹಿಸ್." ಇಲ್ಲಿ ಹಿಸ್ ಯಾವ ಶಬ್ದಭೇದ?
9. ಮೈ ಗ್ರ್ಯಾಂಡ್‌ಫಾದರ್ ಸೋಲ್ಡ್ —— ಬುಲಕ್ಸ್ ಲಾಸ್ಟ್ ಇಯರ್.

ಉತ್ತರಗಳು?

ಒಂದರಲ್ಲಿ ಎರಡೂ ಕಡೆ ಮೈನ್, ನನ್ನದಲ್ಲ, ನನ್ನದನ್ನು. ಎರಡಕ್ಕೆ ಆರ್, ಬೂಟುಗಳು 'ನನ್ನವು'. ಮೂರರಲ್ಲಿ ಜನಸಂಖ್ಯೆಯನ್ನು ಊರಿಗೆ ಹೋಲಿಸಿದ್ದಾರೆ, 'ದ್ಯಾನ್ ದಟ್ ಆಫ್ ಮೈಸೂರು' ಆಗಬೇಕು. ನಾಲ್ಕಕ್ಕೆ ಹರ್. ಐದರಲ್ಲಿ ಮೀ ಜಾಗದಲ್ಲಿ ಮೈನ್. ಆರರಲ್ಲಿ ವನ್ಸ್, ಅಪಾಸ್ಟ್ರಫಿ ಮರೆಯಬೇಡಿ. ಏಳರಲ್ಲಿ 'ಮೈ ಬೀಯಿಂಗ್ ಲೇಟ್'. ಎಂಟು ಪೊಸೆಸಿವ್ ಪ್ರೊನೌನ್, ಮುಂದೆ ನಾಮಪದ ಇಲ್ಲ, 'ಅವನದು'. ಒಂಬತ್ತಕ್ಕೆ ಹಿಸ್: ಎತ್ತುಗಳು ಎರಡಿರಬಹುದು, ಅಜ್ಜನ ಮೇಲೆ ನಿಮಗೆ ಗೌರವವೂ ಇರಬಹುದು, ಒಡೆಯ ಮಾತ್ರ ಒಬ್ಬರೇ.